ಹುಲ್ಲಿನ ಕೆಳಗೆ ಆಗದೆ ಉಳಿದ ಕೆಲಸ

ನಮ್ಮ ಮನೆಯ ಅಂಗಳದ ಕೆಲಸವನ್ನು ಗುತ್ತಿಗೆ ಹಿಡಿದವರಿಗೂ ನಮಗೂ ನಡೆದಿರುವ ತಕರಾರು ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ಈವರೆಗೆ ಆಗಿರುವ ಕೆಲಸ ಎಷ್ಟು? ಹತ್ತರಲ್ಲಿ ಎಂಟು ಪಾಲು ಮುಗಿದಿದೆ, ಬಾಕಿ ಹಣ ಕೈಗೆ ಬಂದರೆ ಉಳಿದ ಎರಡು ಪಾಲನ್ನೂ ಮುಗಿಸಿಕೊಡುತ್ತೇನೆ ಎನ್ನುವುದು ಅವರ ವಾದ. ಅರ್ಧದಷ್ಟೂ ಆಗಿಲ್ಲ, ಈಗಾಗಲೇ ಪಡೆದ ಹಣಕ್ಕೆ ತಕ್ಕಷ್ಟಾದರೂ ಮೊದಲು ಮಾಡಿ ತೋರಿಸಿ ಎನ್ನುವುದು ನಮ್ಮ ವಾದ. ಇಬ್ಬರೂ ನಿಂತು ನೋಡುತ್ತಿರುವುದು ಅದೇ ಅಂಗಳವನ್ನು. ಅವರು ನೆಲದ ಮೇಲಿರುವುದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ, ನಾವು ನೆಲದ ಕೆಳಗೆ ಇರಬೇಕಾಗಿದ್ದುದನ್ನು ಕೇಳುತ್ತಿದ್ದೇವೆ. ಕಲಬುರಗಿಯ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಸುವವರು ಈಗ ಅಂಗಳಕ್ಕೂ ಬೇರೆಯಾಗಿ ಗುತ್ತಿಗೆ ಕೊಡುವುದು ಸಾಮಾನ್ಯವಾಗುತ್ತಿರುವುದರಿಂದ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ. ಗುತ್ತಿಗೆದಾರರ ಹೆಸರನ್ನು ಬರೆಯುವುದಿಲ್ಲ. ವ್ಯವಹಾರ ಇನ್ನೂ ತೀರಿಲ್ಲ.

ನಮ್ಮದು ಸೇಡಂ ರಸ್ತೆಯ ಕಡೆಗಿರುವ 40×60 ಅಡಿಯ ನಿವೇಶನ. ಮನೆಯ ಮುಂದೆ ಮತ್ತು ಒಂದು ಮಗ್ಗುಲಲ್ಲಿ ಉಳಿದ ಜಾಗದಲ್ಲಿ 60 ಅಡಿ ಉದ್ದ, 4 ಅಡಿ ಅಗಲದ ಕಾಲುದಾರಿ, ಅದಕ್ಕೆ ಶಹಾಬಾದ್ ಪರ್ಸಿ ಎಂಬ ಹಾಸುಗಲ್ಲು, ಸುಮಾರು 350 ಚದರ ಅಡಿ ಹುಲ್ಲುಹಾಸು, ಅಂಚಿಗೆ ಹೂವಿನ ಗಿಡಗಳು, ಗಿಡಗಳಿಗೆ ಡ್ರಿಪ್ ಪೈಪು, ಮಳೆನೀರು ಹರಿದುಹೋಗಲು 4 ಇಂಚಿನ ಪಿ.ವಿ.ಸಿ. ಪೈಪು ಮತ್ತು ಒಂದು ಇಂಗುಗುಂಡಿ, ಇಷ್ಟೆಲ್ಲ ಸೇರಿ 2,40,000 ರೂಪಾಯಿಗೆ ಮಾತಾಗಿತ್ತು. ಕೊಟೇಶನ್ ಒಂದೇ ಹಾಳೆಯದು. ಅದರಲ್ಲಿ ಹತ್ತು ಬಾಬುಗಳಿದ್ದವು, ಕೆಳಗೆ ಒಟ್ಟು ಮೊತ್ತವಿತ್ತು, ಯಾವ ಬಾಬಿಗೆ ಎಷ್ಟು ಎಂಬುದು ಇರಲಿಲ್ಲ. ಅಳತೆಗಳು ಮಾತ್ರ ಅವರೇ ವಾಟ್ಸಾಪ್‌ನಲ್ಲಿ ಕಳಿಸಿದ ನಕ್ಷೆಯಲ್ಲಿದ್ದವು. ಮುಂಗಡವೆಂದು ನೂರಕ್ಕೆ 40, ಗಿಡ ಮತ್ತು ಹುಲ್ಲು ನಾಟಿಯಾದ ಮೇಲೆ 35, ಕೆಲಸ ಪೂರ್ತಿಯಾದ ಮೇಲೆ 25 ಎಂಬುದು ಹಣದ ಕರಾರು. ಈ ಎರಡನೆಯ ಕಂತಿನ ಷರತ್ತಿನಲ್ಲಿಯೇ ಮುಂದಿನ ಎಲ್ಲ ತೊಡಕಿನ ಬೇರು ಇದೆ.

ಅದು ಏಕೆಂದು ತಿಳಿಯಬೇಕಾದರೆ ಇಲ್ಲಿಯ ಮಣ್ಣಿನ ಗುಣವನ್ನು ಸ್ವಲ್ಪ ವಿವರಿಸಬೇಕು. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ನೆಲದಡಿ ಸುಣ್ಣಕಲ್ಲಿನ ಹಾಸು ಇರುವುದರಿಂದಲೇ ಅಲ್ಲಿ ಪರ್ಸಿಯ ಗಣಿಗಳೂ ಸಿಮೆಂಟ್ ಕಾರ್ಖಾನೆಗಳೂ ಬೆಳೆದವು. ಆದರೆ ಕಲ್ಲು ಯಾವುದೇ ಇರಲಿ, ಜಿಲ್ಲೆಯ ಬಹುಭಾಗದಲ್ಲಿ ಮೇಲೆ ಹರಡಿಕೊಂಡಿರುವುದು ಎರೆಮಣ್ಣು. ತೊಗರಿಗೆ ಇಷ್ಟು ಒಪ್ಪುವ ಮಣ್ಣು ಮತ್ತೊಂದಿಲ್ಲ; ಕಟ್ಟಡಕ್ಕೆ ಇಷ್ಟು ಒಗ್ಗದ ಮಣ್ಣೂ ಮತ್ತೊಂದಿಲ್ಲ. ಇದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಪದರಗಳು ನೀರನ್ನು ಒಳಗೆಳೆದುಕೊಂಡು ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಿಗೆಯಲ್ಲಿ ಇಲ್ಲಿಯ ಹೊಲಗಳಲ್ಲಿ ಕೈ ತೂರುವಷ್ಟು ಬಿರುಕು ಬಿಡುವುದನ್ನು ಎಲ್ಲರೂ ಕಂಡಿದ್ದಾರೆ. ಇಂಥ ಮಣ್ಣಿನ ಮೇಲೆ ನೇರವಾಗಿ ಪರ್ಸಿ ಹಾಸಿದರೆ ಮೊದಲ ಮಳೆಗಾಲದಲ್ಲಿ ಕಲ್ಲು ಮೇಲೇಳುತ್ತದೆ, ಮರುಬೇಸಿಗೆಯಲ್ಲಿ ಒಂದು ಮೂಲೆ ಕುಸಿಯುತ್ತದೆ. ಆದ್ದರಿಂದ ದಾರಿಯ ಜಾಗದಲ್ಲಿ ಎರೆಮಣ್ಣನ್ನು ತೆಗೆದು, ಅಲ್ಲಿಗೆ ಮುರುಮು (ಗರಸು ಮಣ್ಣು) ತುಂಬಿ, ಸುಮಾರು ಅರ್ಧ ಅಡಿಗೊಂದು ಪದರದಂತೆ ನೀರು ಹೊಡೆದು ದಮ್ಮಸು ಮಾಡಿ, ಅಂದರೆ ಕುಟ್ಟಿ ಗಟ್ಟಿಗೊಳಿಸಿ, ಆಮೇಲೆ ಕಲ್ಲು ಹಾಸಬೇಕು. ಅದಕ್ಕಿಂತಲೂ ಮುಖ್ಯವಾದುದು ಮನೆಯ ಬುನಾದಿಯ ಪಕ್ಕದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳುವುದು. ಬುನಾದಿಯ ಒಂದು ಬದಿಯ ಮಣ್ಣು ನೆನೆದು ಉಬ್ಬಿ, ಇನ್ನೊಂದು ಬದಿ ಒಣಗಿಯೇ ಉಳಿದರೆ, ಆ ವ್ಯತ್ಯಾಸವನ್ನು ಗೋಡೆ ಬಿರುಕಿನ ರೂಪದಲ್ಲಿ ತೋರಿಸುತ್ತದೆ.

ಅಂದರೆ ನಮ್ಮ ಅಂಗಳದ ಕೆಲಸದಲ್ಲಿ ಬೆಲೆಯುಳ್ಳ ಭಾಗವೆಲ್ಲ ಮುಗಿದ ಮೇಲೆ ಕಣ್ಣಿಗೆ ಕಾಣದಂಥದ್ದು: ಅಗೆತ, ಮುರುಮು, ದಮ್ಮಸು, ಪೈಪು, ಇಂಗುಗುಂಡಿಯ ಜಲ್ಲಿ. ಕಣ್ಣಿಗೆ ಕಾಣುವ ಹುಲ್ಲು ಮತ್ತು ಹೂಗಿಡಗಳನ್ನು ಯಾರಾದರೂ ಎರಡು ದಿನದಲ್ಲಿ ತಂದು ನೆಡಬಹುದು. ಎರಡನೆಯ ಕಂತು ನಾಟಿಗೆ ಗಂಟುಬಿದ್ದಿದ್ದರಿಂದ ಗುತ್ತಿಗೆದಾರರು ಕೆಲಸದ ಅನುಕ್ರಮವನ್ನೇ ತಿರುವಿಹಾಕಿದರು. ಸಂಕ್ರಾಂತಿ ಕಳೆದ ಮೇಲೆ ಆಳುಗಳು ಬಂದು, ಮನೆ ಕಟ್ಟಿದಾಗ ಗೋಡೆಯ ಸುತ್ತ ಹಾಕಿದ್ದ ಕಾಂಕ್ರೀಟ್ ಪಟ್ಟಿಯನ್ನು ಪೈಪಿಗಾಗಿ ಒಡೆದು ಕಾಲುವೆ ತೋಡಿದರು, ದಾರಿಯನ್ನು ಅಗೆದರು, ಒಂದಿಷ್ಟು ಮುರುಮು ಬಂತು. ಅದಾದ ಮೇಲೆ ಪೈಪು ಬರಬೇಕಾಗಿದ್ದ ಜಾಗಕ್ಕೆ ಬೀದರ್ ಕಡೆಯ ಕೆಂಪು ಮಣ್ಣು ಬಂತು, ಕೊಟ್ಟಿಗೆ ಗೊಬ್ಬರ ಬಂತು, ಹುಲ್ಲಿನ ಚಾಪೆಗಳು ಬಂದವು. ಪೈಪು ಎಲ್ಲಿ ಎಂದು ಕೇಳಿದ್ದಕ್ಕೆ “ಪೈಪಿಂದೇನ್ ದೊಡ್ಡ ಕೆಲಸ ಅಲ್ರಿ ಸರ, ಬದಿಯಿಂದ ಹಾಕಿಕೊಡ್ತೀನಿ, ಹುಲ್ಲಿಗೆ ಈಗ ಹವಾ ಚಲೋ ಅದ” ಎಂದರು. ಹುಲ್ಲಿಗೆ ಹವೆ ಚೆನ್ನಾಗಿದ್ದುದು ನಿಜ. ನಾಟಿಯಾದ ಮರುದಿನವೇ ಎರಡನೆಯ ಕಂತನ್ನು ಕೇಳಿದರು, ಕರಾರಿನಂತೆ ನಾವು ಕೊಟ್ಟೆವು. ಅಲ್ಲಿಗೆ 1,80,000 ರೂಪಾಯಿ ಅವರಿಗೆ ಸೇರಿತು. ಯುಗಾದಿಗೆ ಊರಿಗೆ ಹೋದ ಆಳುಗಳು ಮರಳಿ ಬರಲಿಲ್ಲ.

ಅವರು ಕೊಟ್ಟ ಕಾರಣಗಳೆಲ್ಲ ಸುಳ್ಳು ಎಂದು ನಾನು ಹೇಳುವುದಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಸರ್ಕಾರವೇ ಈ ಭಾಗದ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುತ್ತದೆ, ಬಿಸಿಲಿನಲ್ಲಿ ಗುದ್ದಲಿ ಹಿಡಿಯುವವನಿಗೆ ಅಷ್ಟು ರಿಯಾಯಿತಿಯಾದರೂ ಬೇಡವೇ? ಮದುವೆಯ ದಿನಗಳಲ್ಲಿ ಆಳು ಸಿಗುವುದಿಲ್ಲ ಎಂಬುದೂ ನಿಜ. ಆದರೆ ಬಿಸಿಲಿನ ಕಾರಣ ಹೇಳಿದ ಅದೇ ವಾರದಲ್ಲಿ ಅವರ ಆಳುಗಳು ಜೇವರ್ಗಿ ರಸ್ತೆಯ ಇನ್ನೊಂದು ಮನೆಯಲ್ಲಿ ಕೆಲಸ ಮಾಡುತ್ತಿದ್ದುದನ್ನು ನನ್ನ ಮಗ ಕಂಡುಬಂದ. ಒಬ್ಬರ ಮುಂಗಡದಲ್ಲಿ ಮತ್ತೊಬ್ಬರ ಸಾಮಾನು ತರುವುದು ಈ ಕಸುಬಿನಲ್ಲಿ ಹೊಸದೇನಲ್ಲ. ಹಾಗೆ ಮಾಡುವವರ ಕೈಯಲ್ಲಿ ಹೊಸ ಗಿರಾಕಿ ಸಿಗುವವರೆಗೆ ಹಳೆಯ ಕೆಲಸ ನಿಲ್ಲುತ್ತದೆ, ಹೊಸ ಗಿರಾಕಿ ಸಿಕ್ಕ ಮೇಲೂ ನಿಲ್ಲುತ್ತದೆ.

ಬೇಸಿಗೆಯಲ್ಲಿ ಗಿಡಗಳು ಒಣಗತೊಡಗಿದಾಗ ತಕರಾರಿಗೆ ಎರಡನೆಯ ಕವಲು ಒಡೆಯಿತು. ನೀರು ಹಾಕಿಲ್ಲ, ಆದ್ದರಿಂದ ಹೋದವು, ಅದು ಮನೆಯವರ ಹೊಣೆ ಎಂದು ಅವರು ಸಂದೇಶ ಕಳಿಸಿದರು. ಡ್ರಿಪ್ ಪೈಪುಗಳನ್ನು ಗಿಡಗಳ ಬುಡದಲ್ಲಿ ಹಾಯಿಸಿದ್ದರೇ ಹೊರತು ಮೋಟಾರಿಗೂ ಫಿಲ್ಟರಿಗೂ ಜೋಡಿಸಿರಲಿಲ್ಲ. ನಮ್ಮ ಬೋರ್‌ವೆಲ್ಲಿನ ನೀರು ಗಡಸು. ಇಂಥ ನೀರಿನಲ್ಲಿ ಫಿಲ್ಟರ್ ಇದ್ದರೂ ಡ್ರಿಪ್ಪರುಗಳ ಬಾಯಿಗೆ ಸುಣ್ಣ ಕಟ್ಟುತ್ತದೆ, ಇಲ್ಲದಿದ್ದರೆ ಹೇಳುವುದೇ ಬೇಡ. ನಾವು ಪೈಪು ಹಿಡಿದು ಕೈಯಿಂದಲೇ ನೀರು ಹಾಕಿದೆವು. ಕಣಗಿಲೆ, ದಾಸವಾಳ, ಕಾಗದದ ಹೂವಿನ ಬಳ್ಳಿ, ಕರಿಬೇವು ಉಳಿದುಕೊಂಡವು. ಸುಟ್ಟುಹೋದವು ಅರೇಕಾ ಪಾಮ್ ಗಿಡಗಳು. ಅವು ಮಡಗಾಸ್ಕರ್ ಮೂಲದವು, ಗೋದಾವರಿ ತೀರದ ಕಡಿಯಂ ನರ್ಸರಿಗಳ ತೇವದ ಹವೆಯಲ್ಲಿ ಬೆಳೆದು ಲಾರಿಯಲ್ಲಿ ಬಂದವು. ಫೆಬ್ರವರಿಯಲ್ಲಿ ತಂದು, ನೆರಳಿಲ್ಲದ ಪಶ್ಚಿಮದ ಗೋಡೆಯ ಬುಡದಲ್ಲಿ ನೆಟ್ಟು, 42 ಡಿಗ್ರಿಯ ಬಿಸಿಲಿಗೆ ಒಡ್ಡಿದರೆ ಎಷ್ಟು ನೀರು ಹಾಕಿದರೇನು? ಆಳಂದ ರಸ್ತೆಯ ಕೃಷಿ ಸಂಶೋಧನಾ ಕೇಂದ್ರದ ಕಡೆ ಓಡಾಡುವ ಯಾವ ರೈತನನ್ನು ಕೇಳಿದರೂ ಈ ಮಾತನ್ನು ಮೊದಲೇ ಹೇಳುತ್ತಿದ್ದ. ಹುಲ್ಲುಹಾಸಿನಲ್ಲಿ ಅವರು ತಂದ ‘ಮೆಕ್ಸಿಕನ್’ ಹುಲ್ಲು ಅರ್ಧದಷ್ಟು ಹಳದಿಯಾಗಿ, ಕೆಂಪು ಮಣ್ಣಿನೊಂದಿಗೆ ಬಂದ ಗರಿಕೆ ಅದರ ನಡುವೆ ಸೊಗಸಾಗಿ ಹಬ್ಬಿತು. ನರ್ಸರಿಗಳಲ್ಲಿ ಬರ್ಮುಡಾ ಎಂಬ ಹೆಸರಿನಲ್ಲಿ ಚದರ ಅಡಿಗೆ ಇಷ್ಟೆಂದು ಮಾರುವುದು ಗಣಪತಿಗೆ ಏರಿಸುವ ಈ ಗರಿಕೆಯ ಕುಲವನ್ನೇ. ಆ ವಿಷಯದಲ್ಲಿ ಮಾತ್ರ ನಮಗೆ ಪುಕ್ಕಟೆ ಲಾಭವಾಯಿತು.

ಗಿಡ ಹೋದದ್ದು ಸಣ್ಣ ಮಾತು. ಮಿರಗದ (ಮೃಗಶಿರಾ) ಮಳೆ ಬಿದ್ದ ಮೇಲೆ ನಿಜವಾದ ಹಾನಿ ಕಾಣಿಸಿತು. ಕಾಂಕ್ರೀಟ್ ಪಟ್ಟಿ ಒಡೆದ ಕಡೆ, ಮೇಲೆ ಸಡಿಲವಾದ ಕೆಂಪು ಮಣ್ಣು, ಕೆಳಗೆ ನೀರು ಬಿಡದ ಎರೆಮಣ್ಣು. ಮಾಳಿಗೆಯಿಂದ ಇಳಿದ ನೀರೆಲ್ಲ ಹುಲ್ಲಿನಡಿಯ ಕಾಲುವೆಯಲ್ಲಿ, ಗೋಡೆಗೆ ತಾಗಿಕೊಂಡೇ ನಿಂತಿತು. ಹಾಸಿದ್ದ ಪರ್ಸಿಯಲ್ಲಿ ಕೆಲವು ಕಲ್ಲುಗಳು ಮೇಲೆದ್ದವು, ಗೇಟಿನ ಕಂಬಕ್ಕೂ ಆವರಣ ಗೋಡೆಗೂ ನಡುವೆ ಕೂದಲೆಳೆಯ ಬಿರುಕು ಕಾಣಿಸಿಕೊಂಡಿತು. ಅಂಗಳವನ್ನು ಮುಟ್ಟದೆ ಬಿಟ್ಟಿದ್ದರೆ ಹಳೆಯ ಪಟ್ಟಿಯ ಮೇಲೆ ನೀರು ಜಾರಿ ರಸ್ತೆಯ ಚರಂಡಿಗೆ ಹೋಗುತ್ತಿತ್ತು. ಕೆಲಸ ಅರ್ಧ ಆಗಿದ್ದರಿಂದ ನಮಗೆ ಅರ್ಧ ಪ್ರಯೋಜನ ಸಿಕ್ಕಿಲ್ಲ. ಕೆಲಸಕ್ಕೆ ಮೊದಲಿದ್ದುದಕ್ಕಿಂತ ಕೆಟ್ಟ ಸ್ಥಿತಿಗೆ ಬಂದಿದ್ದೇವೆ. ನೂರಕ್ಕೆ ಇಷ್ಟು ಎಂದು ಕೆಲಸವನ್ನು ಎಣಿಸುವವರು ಈ ಸಂಗತಿಯನ್ನು ಒಪ್ಪಿಕೊಳ್ಳುವುದೇ ಇಲ್ಲ.

ನನ್ನ ಹೆಂಡತಿಯ ಅಣ್ಣ ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ಇಲಾಖೆಯಲ್ಲಿ ಯಾವ ಬಿಲ್ಲೂ ಅಳತೆ ಪುಸ್ತಕದಲ್ಲಿ ಏರದೆ ಪಾಸಾಗುವುದಿಲ್ಲ. ಮುಚ್ಚಿಹೋಗುವ ಕೆಲಸವನ್ನು ಮುಚ್ಚುವ ಮೊದಲೇ ಅಳೆಯಬೇಕೆಂಬುದು ಅಲ್ಲಿಯ ಮೊದಲ ಪಾಠ. ಫೋನಿನಲ್ಲಿ ಜಗಳವಾಡುವುದನ್ನು ನಿಲ್ಲಿಸಿ ಅಳತೆ ಮಾಡಿಸೋಣ ಎಂದವರು ಅವರೇ. ಇಂಥ ದಿನ, ಇಂಥ ಹೊತ್ತಿಗೆ ಅಳತೆ ಇದೆ, ನೀವೂ ಬನ್ನಿ ಎಂದು ಗುತ್ತಿಗೆದಾರರಿಗೆ ಸಂದೇಶವನ್ನೂ ಪತ್ರವನ್ನೂ ಕಳಿಸಿದೆವು. ಅವರು ಬರಲಿಲ್ಲ, ತಮ್ಮ ಗೌಂಡಿಯನ್ನು (ಗಾರೆ ಕೆಲಸದವನನ್ನು) ಕಳಿಸಿದರು. ದಾರಿಯಲ್ಲಿ ಕಲ್ಲು ಹಾಸಿದ ಕಡೆಯೂ ಹಾಸದ ಕಡೆಯೂ ಸಣ್ಣ ಗುಂಡಿಗಳನ್ನು ತೆಗೆದು, ಟೇಪು ಇಳಿಬಿಟ್ಟು, ಟೇಪಿನ ಅಂಕಿ ಕಾಣುವಂತೆ ಫೋಟೊ ತೆಗೆದೆವು. ನಕ್ಷೆಯಲ್ಲಿ ಒಂದೂವರೆ ಅಡಿ ಇದ್ದ ಮುರುಮು ಎಲ್ಲ ಕಡೆಯೂ ಹೆಚ್ಚುಕಡಿಮೆ ಐದು ಇಂಚು ಇತ್ತು. ಕೆಳಗಿನ ಒಂದಡಿ, ಅಗೆದು ತೆಗೆದ ಎರೆಮಣ್ಣನ್ನೇ ತಿರುಗಿ ತುಂಬಿದ್ದು. 60 ಅಡಿ ಉದ್ದ, 4 ಅಡಿ ಅಗಲ, ಒಂದೂವರೆ ಅಡಿ ಆಳವೆಂದರೆ 360 ಘನ ಅಡಿ, ಅಂದರೆ ದಮ್ಮಸಾದ ಮೇಲಿನ ಲೆಕ್ಕದಲ್ಲಿ 3.6 ಬ್ರಾಸ್. ಐದು ಇಂಚಿನ ಲೆಕ್ಕಕ್ಕೆ 100 ಘನ ಅಡಿ, ಒಂದೇ ಬ್ರಾಸ್. ಗೌಂಡಿ ಅದನ್ನು ನೋಡಿ “ಒಂದೇ ಟ್ರ್ಯಾಕ್ಟರ್ ಮುರುಮ ಬಂದದ್ರಿ ಸಾಹೇಬ್ರ, ನಾ ಸುಳ್ಳು ಯಾಕ ಹೇಳ್ಲಿ” ಎಂದ. ಕಾಗದದ ಮೇಲೆ ಸಹಿ ಹಾಕಲು ಮಾತ್ರ ಒಪ್ಪಲಿಲ್ಲ. ನಾಳೆ ಅದೇ ಮಾಲೀಕರ ಹತ್ತಿರ ಕೂಲಿಗೆ ಹೋಗಬೇಕಾದವನನ್ನು ನಾವೂ ಒತ್ತಾಯ ಮಾಡಲಿಲ್ಲ.

ಪರ್ಸಿ 240 ಚದರ ಅಡಿಯಲ್ಲಿ 140 ಮಾತ್ರ ಹಾಸಲಾಗಿತ್ತು, ಅದೂ ಕಿತ್ತು ಮತ್ತೆ ಹಾಸಬೇಕಾದ ಸ್ಥಿತಿಯಲ್ಲಿ. ಮಳೆನೀರಿನ ಪೈಪು ಒಂದಡಿಯೂ ಇಲ್ಲ. ಇಂಗುಗುಂಡಿ ತೋಡಿದ್ದರು, ಜಲ್ಲಿ ತುಂಬಿರಲಿಲ್ಲ. ಎಲ್ಲವನ್ನೂ ಇಲ್ಲಿಯ ಈಗಿನ ದರದಲ್ಲಿ ಕಟ್ಟಿ, ಕಲ್ಲಿಗೂ ಹುಲ್ಲಿಗೂ ಉದಾರವಾಗಿಯೇ ಬೆಲೆ ಹಾಕಿದಾಗ ಆಗಿರುವ ಕೆಲಸ ಸುಮಾರು 1,10,000 ರೂಪಾಯಿಯದು ಎಂದು ಭಾವನವರು ಬರೆದುಕೊಟ್ಟರು. ಗುತ್ತಿಗೆದಾರರ ನೂರಕ್ಕೆ ಎಂಬತ್ತು ಎಲ್ಲಿಂದ ಬಂತೆಂದರೆ, ಕೊಟೇಶನ್ನಿನ ಹತ್ತು ಬಾಬುಗಳಲ್ಲಿ ಎಂಟನ್ನು ಅವರು ಮುಟ್ಟಿದ್ದಾರೆ. ಒಂದು ಟ್ರ್ಯಾಕ್ಟರ್ ಮುರುಮು ಹಾಕಿದರೂ ‘ಮುರುಮು’ ಎಂಬ ಬಾಬಿಗೆ ಗುರುತು ಬಿತ್ತು, ಗುಂಡಿ ತೋಡಿದರೂ ‘ಇಂಗುಗುಂಡಿ’ಗೆ ಗುರುತು ಬಿತ್ತು. ಬಾಬಿಗೊಂದು ಬೆಲೆ ಬರೆಯದ ಕೊಟೇಶನ್ ಇಂಥ ಎಣಿಕೆಗೆ ಸದಾ ಬಾಗಿಲು ತೆರೆದಿಡುತ್ತದೆ, ಮತ್ತು ಅದರ ಲಾಭ ಯಾವಾಗಲೂ ಹಣ ಯಾರ ಕೈಯಲ್ಲಿದೆಯೋ ಅವರಿಗೇ.

ಕಾನೂನಿನ ವಿಷಯದಲ್ಲಿ ಬಹಳ ಜನರಿಗೆ ಇರುವ ಕಲ್ಪನೆಯೆಂದರೆ, ಮನೆಗೆಲಸದ ಗುತ್ತಿಗೆಯ ಜಗಳವೆಂದರೆ ಸಿವಿಲ್ ದಾವೆ, ವಕೀಲರು, ವರ್ಷಗಟ್ಟಲೆ ಓಡಾಟ ಎಂಬುದು. ಹಾಗಿಲ್ಲ. ಕಟ್ಟಡ ನಿರ್ಮಾಣವೂ ಗ್ರಾಹಕ ಕಾನೂನಿನ ಅರ್ಥದಲ್ಲಿ ‘ಸೇವೆ’ಯೇ ಎಂದು ಸುಪ್ರೀಂ ಕೋರ್ಟ್ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ 1993ರಲ್ಲಿಯೇ ಹೇಳಿದೆ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ತಕರಾರಿನ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ, ದೂರುದಾರ ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ. ಎದುರು ಪಕ್ಷಕ್ಕೆ ಉತ್ತರ ಕೊಡಲು 30 ದಿನ, ಬೇಕಾದರೆ ಇನ್ನೂ 15 ದಿನ. ಮೂರು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ, ಆಯೋಗದ ಮೆಟ್ಟಿಲು ಹತ್ತಿದವರು ಅದನ್ನು ಕೇಳಿ ನಗುತ್ತಾರೆ. ವಾಟ್ಸಾಪ್ ಸಂದೇಶಗಳನ್ನು ಪುರಾವೆಯಾಗಿ ಕೊಡುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಪ್ರಮಾಣಪತ್ರ ಜೊತೆಗಿರಬೇಕು. ನಕ್ಷೆಯ ಒಂದೂವರೆ ಅಡಿ ಇರುವುದು ವಾಟ್ಸಾಪಿನಲ್ಲಿ ಮಾತ್ರವಾದ್ದರಿಂದ ನಮ್ಮ ಮಟ್ಟಿಗೆ ಇದು ಕಡ್ಡಾಯ.

ನಮ್ಮನ್ನು ಹೆಚ್ಚು ಕಾಡಿದ ಪ್ರಶ್ನೆ ಬೇರೆ. ಇಲ್ಲಿ ಸೆಪ್ಟೆಂಬರಿನ ಮಳೆಯೇ ಜೋರು. ಹುಬ್ಬೆ, ಉತ್ತರೆ ಮಳೆಗಳು ಹಿಡಿದರೆ ಗೋಡೆಯ ಪಕ್ಕ ಮತ್ತೆ ನೀರು ನಿಲ್ಲುತ್ತದೆ. ಬೇರೆಯವರಿಂದ ಪೈಪು ಹಾಕಿಸಿದರೆ “ನನ್ನ ಕೆಲಸ ಇವರೇ ಕಿತ್ತರು” ಎಂದು ಗುತ್ತಿಗೆದಾರರು ಹೇಳುತ್ತಾರೆ. ಹಾಕಿಸದಿದ್ದರೆ ಮನೆ ಹಾಳಾಗುತ್ತದೆ. ಕೆಲವು ಆಪ್ತರು, ಆಯೋಗದ ತೀರ್ಪು ಬರುವವರೆಗೆ ಒಂದು ಕಲ್ಲನ್ನೂ ಮುಟ್ಟಬೇಡಿ ಎಂದರು. 1872ರ ಕರಾರು ಕಾಯ್ದೆಯ 73ನೇ ಕಲಮನ್ನು ಓದಿದರೆ ಇದು ಸರಿಯಲ್ಲವೆಂದು ತಿಳಿಯುತ್ತದೆ. ಕರಾರು ಮುರಿದುದರಿಂದ ಆದ ನಷ್ಟವನ್ನು ಅಂದಾಜು ಮಾಡುವಾಗ, ಆ ತೊಂದರೆಯನ್ನು ಸರಿಪಡಿಸಿಕೊಳ್ಳಲು ಏನೇನು ಉಪಾಯಗಳಿದ್ದವು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಅದರ ವಿವರಣೆ ಹೇಳುತ್ತದೆ. ಗೋಡೆ ಬಿರಿಯುವುದನ್ನು ನೋಡುತ್ತ ಕುಳಿತು, ಆಮೇಲೆ ಗೋಡೆಯ ಹಣವನ್ನೂ ಕೊಡಿಸಿ ಎಂದರೆ ಯಾರೂ ಕೊಡಿಸುವುದಿಲ್ಲ. ಕೀಳುವ ಮೊದಲು ಇದ್ದ ಸ್ಥಿತಿ ಅಳತೆಯಲ್ಲಿ, ಫೋಟೊದಲ್ಲಿ, ಎದುರು ಪಕ್ಷಕ್ಕೆ ಕೊಟ್ಟ ತಿಳಿವಳಿಕೆಯಲ್ಲಿ ಭದ್ರವಾಗಿದ್ದರೆ ಸಾಕು.

ಹೀಗೆ ಅಳತೆಯ ಪ್ರತಿಯನ್ನೂ ಲೆಕ್ಕವನ್ನೂ ಸೇರಿಸಿ ನೋಟಿಸು ಕಳಿಸಿದೆವು. 2025ರಲ್ಲಿ ಅಂಚೆ ಇಲಾಖೆ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿರುವುದರಿಂದ ಸ್ಪೀಡ್ ಪೋಸ್ಟಿನಲ್ಲಿಯೇ ಕಳಿಸಿ ತಲುಪಿದ ದಾಖಲೆಯನ್ನು ಇಟ್ಟುಕೊಂಡಿದ್ದೇವೆ. ಎರಡು ದಾರಿಗಳನ್ನು ಬರೆದಿದ್ದೆವು: ಪೈಪು, ಮುರುಮು, ಇಂಗುಗುಂಡಿಗಳನ್ನು ಬಾಕಿ ಹಣ ಕೇಳದೆ ಮೊದಲು ಮುಗಿಸುವುದು, ಆಮೇಲೆ ಪರ್ಸಿ ಹಾಸಿ 60,000 ರೂಪಾಯಿ ಪಡೆಯುವುದು, ಇಲ್ಲವೇ ಹೆಚ್ಚಾಗಿ ಪಡೆದ 70,000 ರೂಪಾಯಿಯನ್ನು ಮರಳಿಸಿ ಲೆಕ್ಕ ಮುಗಿಸುವುದು.

ನೋಟಿಸು ಮುಟ್ಟಿದ ಮೇಲೆ ಇಬ್ಬರಿಗೂ ಪರಿಚಯವಿರುವ ಹಾರ್ಡ್‌ವೇರ್ ಅಂಗಡಿಯ ಯಜಮಾನರ ಮುಂದೆ ಕೂತು ಮಾತಾಯಿತು. ಅಲ್ಲಿ ಗುತ್ತಿಗೆದಾರರು ಹೇಳಿದ ಒಂದು ಸಂಗತಿಯನ್ನು ಒಪ್ಪಬೇಕಾಯಿತು: ಉಳಿದ 100 ಚದರ ಅಡಿಗೆ ಬೇಕಾದ ಪರ್ಸಿಯನ್ನು ಅವರು ಆಗಲೇ ಕೊಂಡು ತಮ್ಮ ಜಾಗದಲ್ಲಿ ಇಟ್ಟಿದ್ದರು, ನಮ್ಮ ಲೆಕ್ಕದಲ್ಲಿ ಅದು ಬಂದಿರಲಿಲ್ಲ. ಆ ಕಲ್ಲನ್ನು ನಮ್ಮ ಮನೆಗೆ ಇಳಿಸಿದರೆ ಅದರ ಬೆಲೆಯನ್ನು 70,000ದಲ್ಲಿ ಕಳೆಯುತ್ತೇವೆ ಎಂದೆವು. ಕಲ್ಲು ಬಂತು, ಎಣಿಸಿ ರಸೀದಿ ಕೊಟ್ಟೆವು. ಮುರುಮಿನ ಮಾತು ಬಂದಾಗ ಅವರು “ಎರಿ ಮಣ್ಣಾಗ ಎಷ್ಟು ಹಾಕಿದ್ರೂ ಅಷ್ಟೇ ಸರ” ಎಂದರು. ಹಾಗಾದರೆ ನಕ್ಷೆಯಲ್ಲಿ ಒಂದೂವರೆ ಅಡಿ ಎಂದು ಏಕೆ ಬರೆದಿರಿ ಎಂದು ಅಂಗಡಿಯ ಯಜಮಾನರೇ ಕೇಳಿದರು. ಅದಕ್ಕೆ ಉತ್ತರ ಬರಲಿಲ್ಲ, ಹಣ ಮರಳಿಸುವ ಮಾತೂ ಬರಲಿಲ್ಲ.

ಈಗ ಭಾವನವರು ಗೊತ್ತುಮಾಡಿದ ಗೌಂಡಿ ಗೋಡೆಯ ಬದಿಯ ಹುಲ್ಲನ್ನು ಮಡಿಚಿಟ್ಟು ಪೈಪು ಹಾಕುತ್ತಿದ್ದಾನೆ. ಒಡೆದ ಕಾಂಕ್ರೀಟ್ ಪಟ್ಟಿಯನ್ನು ಗೋಡೆಯಿಂದ ಹೊರಕ್ಕೆ ಇಳಿಜಾರು ಬರುವಂತೆ ಮತ್ತೆ ಕಟ್ಟಬೇಕು. ದಿನಗೂಲಿಯ ಮತ್ತು ಸಾಮಾನಿನ ಪ್ರತಿಯೊಂದು ರಸೀದಿಯನ್ನೂ ಅಳತೆಯ ಕಡತಕ್ಕೆ ಸೇರಿಸುತ್ತಿದ್ದೇವೆ. ದಾರಿಯ ಪರ್ಸಿಯನ್ನು ಮಳೆಗಾಲ ಕಳೆದು ನೆಲ ಆರಿದ ಮೇಲೆ ಕೀಳುವುದೆಂದು ತೀರ್ಮಾನಿಸಿದ್ದೇವೆ, ಏಕೆಂದರೆ ನೆನೆದ ಎರೆಮಣ್ಣಿನ ಮೇಲೆ ಮುರುಮಿನ ದಮ್ಮಸು ನಿಲ್ಲುವುದಿಲ್ಲ. ಪೈಪಿನ ಲೆಕ್ಕ ಕೈಗೆ ಬಂದ ವಾರದಲ್ಲಿ ದೂರನ್ನು ಜಿಲ್ಲಾ ಗ್ರಾಹಕ ಆಯೋಗಕ್ಕೆ ಸಲ್ಲಿಸುತ್ತೇವೆ. ಅಷ್ಟರೊಳಗೆ ಗುತ್ತಿಗೆದಾರರು ಕಲ್ಲಿನ ಬೆಲೆ ಕಳೆದು ಉಳಿದ ಹಣದೊಂದಿಗೆ ಬಂದರೆ ರಸೀದಿ ಬರೆದುಕೊಡಲು ಸಿದ್ಧರಿದ್ದೇವೆಂದು ಅಂಗಡಿಯ ಯಜಮಾನರ ಮೂಲಕ ಹೇಳಿ ಕಳಿಸಿದ್ದೇವೆ.